ಕಾಲೇಜಿನ ಹಿಂದೆ ಮನೆ ಖಾಲಿ ಇದೆ

ಅಡುಗೆಮನೆಯ ಗೋಡೆ ನಡುಗಿತು.

ಶೆಲ್ಫಿನ ಮೇಲಿದ್ದ ಸಕ್ಕರೆ ಡಬ್ಬ ಉರುಳಿ ಬಿತ್ತು. ಹಿಂದೆಯೇ ಎರಡು ಲೋಟ. ಭೂಕಂಪ ಅಂದುಕೊಂಡೆ. ಆದರೆ ಭೂಕಂಪಕ್ಕೆ ಡೀಸೆಲ್ ವಾಸನೆ ಇರುವುದಿಲ್ಲ.

ಎರಡನೇ ಏಟು ಬಿತ್ತು. ಗಾರೆ ಉದುರಿತು. ಗೋಡೆ ಸೀಳಿಕೊಂಡು ಕಬ್ಬಿಣದ ಹಲ್ಲುಗಳ ಸಾಲೊಂದು ಒಳಗೆ ಬಂತು. ಸ್ಟೌ, ಕಟ್ಟೆ, ಪಾತ್ರೆ ಸ್ಟ್ಯಾಂಡು ಎಲ್ಲವನ್ನೂ ಒಮ್ಮೆ ತಡವಿ ಹಿಂದಕ್ಕೆ ಹೋಯಿತು.

ಜೆಸಿಬಿ!

ಇಬ್ಬರು ಹುಡುಗಿಯರ ರಟ್ಟೆ ಹಿಡಿದು ನಡುಮನೆಗೆ ಎಳೆದುಕೊಂಡು ಬಂದೆ. ಮೂರನೇ ಏಟಿಗೆ ಅಡುಗೆಮನೆಯ ಮೇಲಿನ ಕಲ್ಲುಚಪ್ಪಡಿ ಜಾರಿ ಬಿತ್ತು. ಅಡುಗೆಮನೆಗೆ ಹೋಗುವ ದಾರಿ ಮುಚ್ಚಿತು. ಧೂಳು ಕಣ್ಣಿಗೆ, ಮೂಗಿಗೆ, ಬಾಯಿಗೆ... ಸರಿ, ಮುಂಬಾಗಿಲು ಇದೆಯಲ್ಲ. ಓಡಿದೆ. ಎಳೆದೆ.

ಬಾಗಿಲು ಬರಲಿಲ್ಲ.

ಕದಗಳ ಸಂದಿಗೆ ಕಣ್ಣಿಟ್ಟೆ. ಹೊರಗಿನ ಚಿಲಕದಲ್ಲಿ ಬೀಗ ತೂಗುತ್ತಿತ್ತು. ಹೊಳೆಯುವ ಹೊಸ ಬೀಗ. ಸ್ವಲ್ಪ ಹೊತ್ತಿನ ಹಿಂದೆ ನಾನು ಅದೇ ಬಾಗಿಲಿನಿಂದ ಒಳಗೆ ಬಂದಿದ್ದೆ. ಆಗ ಅಲ್ಲಿ ಬೀಗ ಇರಲಿಲ್ಲ.

ಈಗ ನಾನು ಯಾರು ಅಂತ ಹೇಳಿಬಿಡುತ್ತೇನೆ. ಹೆಸರು ಪುಷ್ಪಾವತಿ. ಶಿರಾದಲ್ಲಿ ಮನೆ ಹುಡುಕಿಕೊಡುವವಳು. ಬಾಡಿಗೆ ಮನೆ, ರೂಮು, ಪಿಜಿ, ಏನು ಬೇಕಾದರೂ. ಬಾಡಿಗೆದಾರ ಓಡಿಹೋದರೆ ಹಿಡಿದು ತರುವವಳೂ ನಾನೇ. ಅಡ್ವಾನ್ಸ್ ವಾಪಸ್ ಕೊಡದ ಓನರ್ ಮನೆಮುಂದೆ ಕೂತು ಎಬ್ಬಿಸುವವಳೂ ನಾನೇ. ಹಿಂದೆ ಗಾರ್ಮೆಂಟ್ಸ್ ಗೇಟಿನಲ್ಲಿ ಸೆಕ್ಯುರಿಟಿ ಆಗಿದ್ದೆ. ಗಂಡಸರು ಜೋರು ಮಾಡಿದರೆ ನನಗೆ ಭಯವಾಗುವುದಿಲ್ಲ. ಮೆತ್ತಗೆ ಮಾತಾಡಿದರೆ ಆಗುತ್ತದೆ.

ಆ ಮನೆಗೆ ಹುಡುಗಿಯರನ್ನು ಸೇರಿಸಿದ್ದೂ ನಾನೇ.

ಸ್ಪಂದನಾ ಪಾವಗಡ ಕಡೆಯ ಹುಡುಗಿ. ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ದಿನಾ ಎರಡು ಬಸ್ಸು ಬದಲಿಸಿ ಕಾಲೇಜಿಗೆ ಬರುತ್ತಿದ್ದಳು. ಮೊದಲನೇ ಪೀರಿಯಡ್ ಅವಳಿಗೆ ಯಾವತ್ತೂ ಸಿಗುತ್ತಿರಲಿಲ್ಲ. ಅಟೆಂಡೆನ್ಸ್ ಸಾಲದೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂದಿದ್ದರು. ಹಾಸ್ಟೆಲಿನಲ್ಲಿ ಸೀಟು ಮುಗಿದಿತ್ತು. ಕೊರಟಗೆರೆಯ ಭುವನಾಳದ್ದೂ ಅದೇ ಪಾಡು. ಇಬ್ಬರೂ ಜೊತೆಯಾಗಿ ಊರೆಲ್ಲ ಸುತ್ತಿದ್ದರು. ಕಾಲೇಜಿನ ಹತ್ತಿರ ಒಬ್ಬರು ಹುಡುಗಿಯರಿಗೆ ಕೊಡುವುದಿಲ್ಲ ಅಂದರು. ಇನ್ನೊಬ್ಬರು ಕೊಡುತ್ತೇವೆ, ಆದರೆ ಅಡುಗೆ ಮಾಡಬಾರದು ಅಂದರು. ಮತ್ತೊಬ್ಬ ಕಾರ್ ಷೆಡ್ ತೋರಿಸಿ ಅದಕ್ಕೆ ಮನೆಯ ಬಾಡಿಗೆ ಕೇಳಿದ.

ಕೊನೆಗೆ ನನ್ನ ಹತ್ತಿರ ಬಂದರು. ಭುವನಾ ಚಪ್ಪಲಿ ನೋಡಿಕೊಂಡು ನಿಂತಿದ್ದಳು. ಈ ತಿಂಗಳೊಳಗೆ ಮನೆ ಸಿಗದಿದ್ದರೆ ಓದು ಸಾಕು ಅಂತ ಭುವನಾಳ ಅಪ್ಪ ಹೇಳಿದ್ದಾನೆ ಅಂತ ಸ್ಪಂದನಾ ಹೇಳಿದಳು.

ಅದೇ ವಾರ ಕಡಲೆಕಾಯಿ ಮಂಡಿಯ ಸಾಹುಕಾರ್ ವೃಷಭೇಂದ್ರಪ್ಪ ನನ್ನನ್ನು ಕರೆಸಿದ. ಹಣೆಗೆ ವಿಭೂತಿ, ಕುತ್ತಿಗೆಗೆ ಶಲ್ಯ, ಬಾಯಲ್ಲಿ ಬೆಣ್ಣೆಯಂಥ ಮಾತು. ಕಾಲೇಜಿನ ಕಾಂಪೌಂಡಿನ ಹಿಂದೆ ನಮ್ಮದೊಂದು ಹಳೆಯ ಮಾಳಿಗೆ ಮನೆ ಖಾಲಿ ಇದೆ, ಯಾರಾದರೂ ಬಡ ಹೆಣ್ಣುಮಕ್ಕಳಿದ್ದರೆ ಕೊಡು ಅಂದ. ಬಾಡಿಗೆ ಹೇಳಿದ. ಬೇರೆಯವರು ಕೇಳುವುದರಲ್ಲಿ ಅರ್ಧವೂ ಇಲ್ಲ.

ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಬಂತು ಕೂಡ. ಏಕೆ ಇಷ್ಟು ಕಡಿಮೆ ಅಂತ ಕೇಳಿದೆ. ಹೆಣ್ಣುಮಕ್ಕಳು ಓದಿದರೆ ಪುಣ್ಯ ಅಂದ. ಪುಣ್ಯದ ಮೇಲೆ ಎಂಥ ಪ್ರಶ್ನೆ ಕೇಳುವುದು?

ಮೂರು ತಿಂಗಳು ಚೆನ್ನಾಗಿಯೇ ಇತ್ತು.

ಜೆಸಿಬಿ ಬಂದ ಹಿಂದಿನ ದಿನ ಸಾಯಂಕಾಲ ಸ್ಪಂದನಾ ಫೋನ್ ಮಾಡಿದಳು. ನಾವು ಕಾಲೇಜಿಗೆ ಹೋಗಿದ್ದಾಗ ಯಾರೋ ಬಂದು ಹಿಂದಿನ ಗೋಡೆಗೆ ಸುಣ್ಣದಲ್ಲಿ ಗೆರೆ ಎಳೆದು ಹೋಗಿದ್ದಾರೆ, ಸಾಹುಕಾರ್ರಿಗೆ ಹೇಳಿದರೆ ಪ್ಲಂಬರ್ ಬರುತ್ತಾನೆ, ನಾಳೆ ಇಬ್ಬರೂ ಕಾಲೇಜಿಗೆ ಹೋಗದೆ ಮನೆಯಲ್ಲೇ ಇರಿ ಅಂದರು ಅಂತ. ನಲ್ಲಿ ರಿಪೇರಿಗೆ ಇಬ್ಬರು ಯಾಕೆ ಬೇಕು? ಬೆಳಿಗ್ಗೆ ನೋಡೋಣವೆಂದು ಹೊರಟೆ. ಓಣಿಯಲ್ಲಿ ಪೈಪಿಗೆಂದು ಗುಂಡಿ ತೋಡಿದ್ದರು. ಸ್ಕೂಟರನ್ನು ಕಾಲೇಜ್ ಗೇಟಿನ ಹತ್ತಿರ ಬಿಟ್ಟು ನಡೆದು ಬಂದೆ. ಹಾಗಾಗಿ ನಾನು ಒಳಗಿರುವುದು ಹೊರಗಿನವರಿಗೆ ಗೊತ್ತಾಗಲಿಲ್ಲ.

ಕಾಲೇಜಿನಲ್ಲಿ ಸ್ಪೋರ್ಟ್ಸ್ ಡೇ. ಮೈಕಿನಲ್ಲಿ ಹಾಡು ಕಿವಿ ಹರಿಯುವಂತೆ ಬರುತ್ತಿತ್ತು. ಹೊರಗೆ ಬೀಗ ಬಿದ್ದದ್ದು ನಮಗೆ ಕೇಳಿಸಿರಲಿಲ್ಲ. ಈಗ ನಾವು ಕೂಗಿದ್ದೂ ಯಾರಿಗೂ ಕೇಳಿಸಲಿಲ್ಲ.

ಕಿಟಕಿಗೆ ಬೆರಳು ದಪ್ಪದ ಕಬ್ಬಿಣದ ಸರಳು. ಆಚೆ ಜಗುಲಿ, ಅದರಾಚೆ ಎತ್ತರದ ಕಾಂಪೌಂಡು. ಹಿಂದಿನಿಂದ ಏಟಿನ ಮೇಲೆ ಏಟು.

ಪೊಲೀಸರಿಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ವಿಳಾಸ ಬರೆದುಕೊಂಡಳು. ಹೈವೇಯಲ್ಲಿ ಲಾರಿ ಮಗುಚಿದೆ, ಗಾಡಿ ಅಲ್ಲಿದೆ, ಕಳಿಸುತ್ತೇನೆ, ಧೈರ್ಯವಾಗಿರಿ ಅಂದಳು. ಗೋಡೆಗೂ ಅಷ್ಟು ಧೈರ್ಯ ಇದ್ದಿದ್ದರೆ ಚೆನ್ನಾಗಿತ್ತು.

ಆಮೇಲೆ ಸ್ಪಂದನಾ ತನ್ನ ಫೋನಿನಿಂದ ಸಾಹುಕಾರ್‌ಗೆ ಮಾಡಿದಳು. ಸ್ಪೀಕರ್ ಹಾಕು ಅಂತ ಸನ್ನೆ ಮಾಡಿದೆ. ನಾನಿರುವುದು ಹೇಳಬೇಡ ಅಂತಲೂ.

ಮೊದಲ ರಿಂಗಿಗೇ ಎತ್ತಿದ.

"ಯಾರೋ ಮನೆ ಕೆಡವ್ತಾವ್ರೆ ಸಾವ್ಕಾರ್ರೇ. ಬಾಗ್ಲಿಗೆ ಬೀಗ ಹಾಕೈತೆ" ಅಂದಳು.

ಅವನ ದನಿಯಲ್ಲಿ ಆಶ್ಚರ್ಯ ಇರಲಿಲ್ಲ. ಗಾಬರಿಯೂ ಇರಲಿಲ್ಲ.

"ಹೆದ್ರುಕಬ್ಯಾಡ ಕಣಮ್ಮ. ನಾನು ಬತ್ತಾ ಇವ್ನಿ. ನೀವಿಬ್ರೂ ಹೋಗಿ ಅಡಿಗೆಮನೇಲಿ ಕೂತ್ಕಳಿ. ಅದೇ ಗಟ್ಟಿ ಐತೆ."

ಫೋನ್ ಇಟ್ಟ.

ಭುವನಾ ನನ್ನ ಮುಖ ನೋಡಿದಳು. ಅಡುಗೆಮನೆ ಅಂದರೆ ಆಗ ಒಂದು ಕಲ್ಲಿನ ರಾಶಿ. ಆ ರಾಶಿಯ ಕೆಳಗೆ ಕೂತಿರಿ ಅಂತ ಅವನು ಹೇಳುತ್ತಿದ್ದ.

ಇಡೀ ಆಟ ನನಗೆ ಆಗ ಅರ್ಥವಾಯಿತು. ನೀವೂ ಕೇಳಿಸಿಕೊಳ್ಳಿ, ಸುಲಭವಾಗಿದೆ. ಆ ಜಾಗ ಅವನೊಬ್ಬನದಲ್ಲ. ಸತ್ತುಹೋದ ಅಣ್ಣನ ಮಗ ಪ್ರಭುದೇವನಿಗೂ ಪಾಲಿದೆ. ಕೋರ್ಟಿನಲ್ಲಿ ಕೇಸಿದೆ. ಕಾಲೇಜು ಬೆಳೆದಂತೆ ಆ ಜಾಗದ ಬೆಲೆ ಏರಿದೆ, ಇಬ್ಬರಿಗೂ ಅಲ್ಲಿ ದೊಡ್ಡ ಪಿಜಿ ಕಟ್ಟುವ ಆಸೆ. ಪ್ರಭುದೇವ್ ಮುಂಗೋಪಿ. ಹಳೆಯ ಮನೆ ಕೆಡವಿಬಿಟ್ಟರೆ ಚಿಕ್ಕಪ್ಪನ ಸ್ವಾಧೀನ ಹೋಗುತ್ತದೆ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಇದಿಷ್ಟೂ ನನಗೆ ಮೊನ್ನೆ ಮೊನ್ನೆ ಗೊತ್ತಾಗಿತ್ತು.

ಗೊತ್ತಿಲ್ಲದಿದ್ದದ್ದು ಚಿಕ್ಕಪ್ಪನ ಲೆಕ್ಕಾಚಾರ.

ಅವನಿಗೆ ಬಾಡಿಗೆ ಬೇಕಿರಲಿಲ್ಲ. ಒಳಗೆ ಜೀವ ಬೇಕಿತ್ತು. ಹುಡುಗಿಯರು ಬಿಟ್ಟುಹೋದರು, ಮನೆ ಖಾಲಿ ಇದೆ ಅಂತ ಪ್ರಭುದೇವನ ಕಿವಿಗೆ ಬೀಳಿಸುವುದು. ಹುಡುಗಿಯರನ್ನು ಒಳಗೆ ಕೂಡಿಹಾಕುವುದು. ಪ್ರಭುದೇವ್ ಜೆಸಿಬಿ ತರುತ್ತಾನೆ, ಹೆಣ ಬೀಳುತ್ತದೆ. ಪ್ರಭುದೇವ್ ಜೈಲಿಗೆ ಹೋಗುತ್ತಾನೆ, ಜಾಗ ಚಿಕ್ಕಪ್ಪನಿಗೆ ಉಳಿಯುತ್ತದೆ.

ಬಡವರ ಮನೆ ಹುಡುಗಿಯರೇ ಯಾಕೆ ಬೇಕಿತ್ತು ಅಂತ ಈಗ ಗೊತ್ತಾಯಿತಲ್ಲ?

ನಡುಮನೆಯ ಗೋಡೆಯಲ್ಲಿ ಬಿರುಕು ಬಿಟ್ಟಿತು. ನನ್ನ ಕಣ್ಣೆದುರಿಗೇ ಅದು ಕೆಳಗಿನಿಂದ ಮೇಲಕ್ಕೆ ಹತ್ತಿಕೊಂಡು ಹೋಯಿತು. ಅದರ ಜೊತೆಗೆ ನನ್ನ ಕಣ್ಣೂ ಮೇಲಕ್ಕೆ ಹೋಯಿತು. ಮಾಳಿಗೆಯಲ್ಲಿ ಗವಾಕ್ಷಿ ಇತ್ತು. ಬೆಳಕಿಗೆಂದು ಬಿಟ್ಟ ಚೌಕದ ಕಿಂಡಿ, ಅದರ ಮೇಲೊಂದು ಗಾಜು. ನನ್ನ ಮೈ ಅದರಲ್ಲಿ ತೂರುವುದಿಲ್ಲ. ಭುವನಾ ಮೂಲೆಯಲ್ಲಿ ಮಂಡಿ ಅಪ್ಪಿಕೊಂಡು ಕೂತುಬಿಟ್ಟಿದ್ದಳು, ಎಬ್ಬಿಸಿದರೂ ಏಳಲಿಲ್ಲ.

ಸ್ಪಂದನಾ ಕಡ್ಡಿಯಂತಿದ್ದಳು.

ಕಸಬರಿಗೆಯ ಹಿಡಿಯಿಂದ ಗಾಜು ಒಡೆದೆ. ಮಂಚದ ಮೇಲೆ ಟ್ರಂಕು, ಟ್ರಂಕಿನ ಮೇಲೆ ನಾನು, ನನ್ನ ಹೆಗಲ ಮೇಲೆ ಅವಳು. ಗಾಜಿನ ಚೂರಿಗೆ ಅವಳ ಅಂಗೈ ಕೊಯ್ದು ನನ್ನ ಕೆನ್ನೆಯ ಮೇಲೆ ರಕ್ತ ತೊಟ್ಟಿಕ್ಕಿತು. ಅವಳು ಒಮ್ಮೆ ಜೀಕಿದಳು. ಭಾರ ಹಗುರಾಯಿತು.

ಮೇಲಿನಿಂದ ಕೂಗಿದಳು. ಕೈಯನ್ನೂ ಬೀಸಿದೆ ಅಂತ ಆಮೇಲೆ ಹೇಳಿದಳು. ಜೆಸಿಬಿ ನಿಲ್ಲಲಿಲ್ಲ. ಇಂಜಿನ್ ಸದ್ದು, ಮೈಕಿನ ಹಾಡು, ಮೇಲೆ ಆ ಧೂಳು... ಡ್ರೈವರಿಗೆ ಬಕೆಟ್ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಗವಾಕ್ಷಿಯಲ್ಲಿ ಅವಳ ಮುಖ ಇಣುಕಿತು.

"ಅಕ್ಕ, ಎಸಿಯಾಕೆ ಏನಾನ ಕೊಡು. ಭಾರ ಇರಾದು."

ನಡುಮನೆಯಲ್ಲಿ ಬೆಳಗಿನ ಅನ್ನದ ಕುಕ್ಕರ್ ಇತ್ತು. ಎತ್ತಿಕೊಟ್ಟೆ. ಮುಚ್ಚಳ ಸಮೇತ, ಅನ್ನ ಸಮೇತ.

ಗುರಿ ಚೆನ್ನಾಗಿತ್ತು. ಕ್ಯಾಬಿನ್ನಿನ ಗಾಜು ಒಡೆದ ಸದ್ದು ನನಗೂ ಕೇಳಿಸಿತು. ಆಮೇಲೆ ಇಂಜಿನ್ ನಿಂತಿತು. ಕಾಲೇಜಿನ ಹಾಡೂ ಅಷ್ಟರಲ್ಲಿ ಮುಗಿದಿತ್ತು.

ಡ್ರೈವರ್ ಹೆಸರು ತಿಪ್ಪೇಶ್. ತಾವರೆಕೆರೆ ಕಡೆಯವನು. ಕ್ಯಾಬಿನ್ನಿನಲ್ಲಿ ತಲೆಯ ಮೇಲೆಲ್ಲ ಅನ್ನ ಸುರಿದುಕೊಂಡು ಕೂತಿದ್ದವನು ಮೇಲೆ ನೋಡಿದ, ಮಾಳಿಗೆಯ ಅಂಚಿನಲ್ಲಿ ರಕ್ತದ ಕೈ ಎತ್ತಿಕೊಂಡು ನಿಂತ ಹುಡುಗಿ. ಕೀ ಕಿತ್ತು ಕೆಳಗೆ ಹಾರಿದ. ಅಲ್ಲೇ ನಿಂತಿದ್ದ ಪ್ರಭುದೇವನ ಕಪಾಳಕ್ಕೆ ಒಂದು ಬಿಟ್ಟನಂತೆ. ಖಾಲಿ ಮನೆ ಅಂದು ನನ್ನ ಕೈಯಲ್ಲಿ ಕೊಲೆ ಮಾಡಿಸುತ್ತಿದ್ದೆಯಾ ಅಂತ ಕೇಳಿದನಂತೆ.

ಪ್ರಭುದೇವನ ಜೊತೆ ಬಂದಿದ್ದ ಹುಡುಗರು ಬೈಕ್ ಹತ್ತಿ ಮಾಯವಾದರು. ಮನೆ ಖಾಲಿ ಅಂತ ತನಗೆ ಹೇಳಿದ್ದು ಚಿಕ್ಕಪ್ಪನ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್ ಬೋರಯ್ಯ ಅಂತ ಅವನು ಮಾಳಿಗೆಯ ಕಡೆ ನೋಡಿ ಹೇಳುತ್ತಿದ್ದುದು ನನಗೂ ಕೇಳಿಸಿತು. ಅಳುತ್ತಿದ್ದ.

ಅಷ್ಟರಲ್ಲಿ ನನಗೆ ಇನ್ನೊಂದು ವಿಷಯ ಗೊತ್ತಾಯಿತು. ಮೂಗಿನಿಂದ.

ಗ್ಯಾಸ್.

ಕಲ್ಲಿನ ರಾಶಿಯ ಕೆಳಗೆ ಸಿಲಿಂಡರ್ ಇತ್ತು. ಸದ್ದು ನಿಂತ ಮೇಲೆ ಅದರ ಬುಸುಗುಡುವಿಕೆ ಸ್ಪಷ್ಟವಾಗಿ ಕೇಳುತ್ತಿತ್ತು. ಭುವನಾ ಕೆಮ್ಮತೊಡಗಿದಳು. ಅವಳ ಬಾಯಿಗೆ ಒದ್ದೆ ಬಟ್ಟೆ ಕೊಟ್ಟು ಕಿಟಕಿಯ ಹತ್ತಿರ ಎಳೆದು ಕೂರಿಸಿದೆ. ಬಾಗಿಲಿಗೆ ಒದ್ದೆ. ಹಳೆಯ ಕಾಲದ ಮರ. ನನ್ನ ಕಾಲೇ ನೋವಾಯಿತು.

ಗೇಟಿನ ಸದ್ದು ಕೇಳಿಸಿತು.

ವೃಷಭೇಂದ್ರಪ್ಪ ಬಂದ. ಜೊತೆಗೆ ಬೋರಯ್ಯ, ಕೈಯಲ್ಲಿ ಮೊಬೈಲ್ ಎತ್ತಿ ಹಿಡಿದು ವಿಡಿಯೋ ಮಾಡಿಕೊಂಡು. ಸಾಹುಕಾರ್ ಜಗುಲಿ ಹತ್ತಿ ಕ್ಯಾಮೆರಾ ಕಡೆ ತಿರುಗಿ ಶುರುಮಾಡಿದ. ಅಣ್ಣನ ಮಗ ಮನೆಗೆ ಬೀಗ ಜಡಿದು, ಒಳಗಿದ್ದ ಹೆಣ್ಣುಮಕ್ಕಳ ಮೇಲೆ ಮನೆ ಕೆಡವಿದ್ದಾನೆ ಅಂತ. ಕಣ್ಣು ಒರೆಸಿಕೊಂಡ.

ಬಾಗಿಲಿನ ಕಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಹಿಂದಿನಿಂದ ಪ್ರಭುದೇವ್, ತಿಪ್ಪೇಶ್ ಓಡಿ ಬಂದರು. ಬೀಗ ಒಡೆಯಲು ಕಲ್ಲು ಎತ್ತಿಕೊಂಡ ತಿಪ್ಪೇಶನನ್ನು ಸಾಹುಕಾರ್ ತಡೆದ. ಪೊಲೀಸರು ಬರುವವರೆಗೆ ಯಾರೂ ಏನೂ ಮುಟ್ಟಬಾರದು, ಅದು ಸಾಕ್ಷಿ ಅಂದ. ಮೂವರ ನಡುವೆ ನೂಕಾಟ. ಆ ನೂಕಾಟದಲ್ಲಿ ಸಾಹುಕಾರ್ ಹಿಂದೆ ಸರಿಯುತ್ತಾ ಸರಿಯುತ್ತಾ ಕಿಟಕಿಯ ಹತ್ತಿರ ಬಂದ. ಬೆನ್ನು ನನ್ನ ಕಡೆ.

ಶಲ್ಯ ಕುತ್ತಿಗೆಗೆ ಸುತ್ತಿತ್ತು. ಎರಡೂ ತುದಿ ಹಿಂದೆ ಇಳಿಬಿದ್ದಿತ್ತು.

ಸರಳಿನ ನಡುವೆ ಕೈ ಹಾಕಿದೆ. ಎರಡೂ ತುದಿ ಒಟ್ಟಿಗೆ ಹಿಡಿದು ಒಳಕ್ಕೆ ಎಳೆದು ಸರಳಿಗೆ ಸುತ್ತಿ ಗಂಟು ಹಾಕಿದೆ. ಅವನ ತಲೆ ಕಿಟಕಿಗೆ ಟಣ್ಣೆಂದು ಬಡಿಯಿತು.

"ಸಾವ್ಕಾರ್ರೇ, ನಾನು ಪುಷ್ಪಾವತಿ" ಅಂದೆ.

ನಾನು ಅವನ ಲೆಕ್ಕದಲ್ಲಿ ಇರಲಿಲ್ಲ.

"ಬುಡು... ಉಸ್ರು ಕಟ್ತಾ ಐತೆ" ಅಂದ.

"ಒಳಗಡೆ ಗ್ಯಾಸ್ ಸೋರ್ತಾ ಐತೆ. ವಾಸನೆ ಬತ್ತಾ ಐತಲ್ವಾ? ನನ್ನ ಕೈಲಿ ಸ್ಟೌ ಲೈಟರ್ ಐತೆ, ತಿರುಗಿ ನೋಡಿ."

ತಿರುಗಲಾಗಲಿಲ್ಲ. ಓರೆಗಣ್ಣಿನಲ್ಲಿ ನೋಡಿದ. ಲೈಟರ್ ನಿಜವಾಗಿಯೂ ಇತ್ತು, ಕಿಟಕಿಯ ಕಟ್ಟೆಯ ಮೇಲೆ ಬಿದ್ದಿದ್ದನ್ನು ಎತ್ತಿಕೊಂಡಿದ್ದೆ. ಅದು ಕೆಟ್ಟುಹೋಗಿ ವಾರವಾಗಿದೆ ಅಂತ ಹುಡುಗಿಯರು ಬೆಳಿಗ್ಗೆಯೇ ಹೇಳಿದ್ದರು. ಅದು ಅವನಿಗೆ ಗೊತ್ತಿರಲಿಲ್ಲ.

"ನಾವು ಹೋದ್ರೆ ನೀವೂ ನಮ್ ಜೊತೆಗೇ ಬತ್ತೀರಾ" ಅಂದೆ. ಮೆತ್ತಗೆ ಅಂದೆ. ಅವನಿಂದಲೇ ಕಲಿತದ್ದು.

ತಿಪ್ಪೇಶ್ ನಿಂತಲ್ಲೇ ನಿಂತ. ಪ್ರಭುದೇವ್ ಎರಡು ಹೆಜ್ಜೆ ಹಿಂದೆ ಹೋದ. ಬೋರಯ್ಯನಿಗೆ ಮೊಬೈಲ್ ಇಳಿಸುವುದು ಮರೆತೇ ಹೋಗಿತ್ತು.

ನಾನು ಲೈಟರ್ ಎತ್ತಿ ಅವನ ಕಿವಿಯ ಹತ್ತಿರ ತಂದೆ.

ಸಾಹುಕಾರ್ ಕಿರುಚಿದ. "ಲೇ ಬೋರ, ಕೀ ನನ್ ಜೇಬಲ್ಲೈತೆ ಕಣ್ಲಾ. ತೆಗುದ್ಬುಡ್ಲಾ ಬಾಗ್ಲ!"

ಆಮೇಲೆ ಪ್ರಭುದೇವ್ ಮುಂದೆ ಬಂದ. ಚಿಕ್ಕಪ್ಪನ ಅಂಗಿಯ ಜೇಬಿಗೆ ಕೈ ಹಾಕಿದ. ಹೊಸ ಕೀ. ಅದರ ಜೊತೆ ಬೀಗದ ಅಂಗಡಿಯವನು ಕಟ್ಟಿಕೊಟ್ಟ ದಾರ ಕೂಡ ಇನ್ನೂ ಹಾಗೇ ಇತ್ತು. ಬಾಗಿಲು ತೆಗೆದ. ಗಾಳಿ ಬಂತು.

ಗಾಳಿಗೆ ಅಷ್ಟು ರುಚಿ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಭುವನಾಳನ್ನು ಹೊರಕ್ಕೆ ನೂಕಿದೆ. ಶಲ್ಯದ ಗಂಟು ಬಿಚ್ಚದೆ ನಾನೂ ಹೊರಬಂದೆ. ಏಣಿ ಇರಲಿಲ್ಲ, ತಿಪ್ಪೇಶ್ ಹಿಂದಕ್ಕೆ ಓಡಿ ಜೆಸಿಬಿ ಬಕೆಟ್ಟಿನಲ್ಲೇ ಸ್ಪಂದನಾಳನ್ನು ಕೆಳಗಿಳಿಸಿದ. ಎಲ್ಲರನ್ನೂ ಗೇಟಿನಾಚೆ ಓಡಿಸಿದೆ. ಗೇಟು ದಾಟಿದ ಮೇಲೆ ನೆನಪಾಯಿತು, ಸಾಹುಕಾರ್ ಇನ್ನೂ ಕಿಟಕಿಗೆ ಕಟ್ಟಿಹಾಕಿದಂತೆ ನಿಂತಿದ್ದಾನೆ ಅಂತ.

ಬಿಡಿಸಲು ಯಾರು ಹೋಗುತ್ತೀರಿ ಅಂತ ಕೇಳಿದೆ. ಪ್ರಭುದೇವ್ ನೆಲ ನೋಡಿದ. ಬೋರಯ್ಯ ಮೊಬೈಲ್ ನೋಡಿದ.

ಕೊನೆಗೆ ಹೋದವಳು ಸ್ಪಂದನಾ. ಕೊಯ್ದ ಕೈಯಲ್ಲೇ ಗಂಟು ಬಿಚ್ಚಿ, ತೋಳು ಹಿಡಿದು ಕರೆತಂದಳು. ದಾರಿಯಲ್ಲಿ ಅವನು ಏನೋ ಹೇಳಲು ಬಾಯಿ ತೆಗೆದನಂತೆ. ಇವಳು ಕೇಳಿಸಿಕೊಳ್ಳಲಿಲ್ಲವಂತೆ.

ಗ್ಯಾಸ್ ಹೊತ್ತಿಕೊಳ್ಳಲಿಲ್ಲ. ಫೈರ್ ಗಾಡಿಯವರು ಬಂದು ಸಿಲಿಂಡರ್ ಹೊರತೆಗೆದರು. ಪೊಲೀಸರು ಬಂದು ಬೋರಯ್ಯನ ಮೊಬೈಲ್ ತೆಗೆದುಕೊಂಡರು. ಅಣ್ಣನ ಮಗನನ್ನು ಸಿಕ್ಕಿಸಲೆಂದು ಮಾಡಿಸಿದ ವಿಡಿಯೋ. ಅದರಲ್ಲಿ ಸಾಹುಕಾರನ ಮುಖವೂ ಚೆನ್ನಾಗಿ ಬಂದಿತ್ತು, ದನಿಯೂ ಚೆನ್ನಾಗಿ ಬಂದಿತ್ತು. ಬೋರಯ್ಯ ಸ್ಟೇಷನ್ನಿನಲ್ಲಿ ಹೊಡೆಸಿಕೊಳ್ಳುವ ಮೊದಲೇ ಉಳಿದದ್ದನ್ನು ಹೇಳಿಬಿಟ್ಟ.

ಭುವನಾಳ ಅಪ್ಪ ಸಾಯಂಕಾಲ ಕಾರು ಮಾಡಿಕೊಂಡು ಬಂದ. ನನ್ನನ್ನು ಬೈಯಲಿಲ್ಲ. ಮಗಳನ್ನೂ ಬೈಯಲಿಲ್ಲ. ಅವಳ ಬಟ್ಟೆಯ ಬ್ಯಾಗು ಎತ್ತಿ ಡಿಕ್ಕಿಗೆ ಹಾಕಿದ. ಪುಸ್ತಕದ ಬ್ಯಾಗು ಅಲ್ಲೇ ಬಿಟ್ಟ. ಅವಳು ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯ ಗಾಜು ಏರಿಸಿಕೊಂಡಳು. ಒಂದೇ ಮಾತು ಕೇಳಿದೆ, ಪರೀಕ್ಷೆಗಾದರೂ ಬರುತ್ತೀಯಾ ಅಂತ. ಗಾಜಿನ ಆಚೆಯಿಂದ ಅವಳು ಏನಂದಳೋ ನನಗೆ ಕೇಳಿಸಲಿಲ್ಲ. ಆಮೇಲೆ ಎಷ್ಟು ಸಲ ಮಾಡಿದರೂ ಫೋನ್ ಸ್ವಿಚ್ಡ್ ಆಫ್. ಒಮ್ಮೆ ಕೊರಟಗೆರೆಗೆ ಹೋಗಿ ಬಂದೆ. ಹುಡುಗಿಗೆ ಗಂಡು ನೋಡುತ್ತಿದ್ದೇವೆ ಅಂದರು. ಒಳಗೆ ಕರೆಯಲಿಲ್ಲ.

ಇಬ್ಬರನ್ನೂ ಉಳಿಸಿದೆ ಅಂತ ಜನ ನನಗೆ ಹೇಳುತ್ತಾರೆ. ಒಬ್ಬಳನ್ನು ಅಂತ ನಾನು ತಿದ್ದುತ್ತೇನೆ.

ಸ್ಪಂದನಾಗೆ ಮತ್ತೆ ಮನೆ ಹುಡುಕಿದೆ. ಒಬ್ಬರೂ ಕೊಡಲಿಲ್ಲ. ಪೊಲೀಸ್ ಕೇಸಿನ ಹುಡುಗಿ ಅಂದರು. ಜೆಸಿಬಿಯವನಿಗೇ ಕುಕ್ಕರಿನಲ್ಲಿ ಹೊಡೆದವಳು, ನಮ್ಮನ್ನು ಬಿಡುತ್ತಾಳಾ ಅಂತಲೂ ಒಬ್ಬ ಅಂದ. ಅವಳ ಸಾಮಾನು ನನ್ನ ಮನೆಯ ಹಾಲಿನಲ್ಲಿ ರಾಶಿ ಬಿದ್ದಿತ್ತು. ಅವಳು ಊರಿಗೆ ಫೋನ್ ಮಾಡಿ, ತೆಲುಗಿನಲ್ಲಿ, ಎಲ್ಲ ಚೆನ್ನಾಗಿದೆ ಅಂತ ತಾಯಿಗೆ ಸುಳ್ಳು ಹೇಳುತ್ತಿದ್ದಳು.

ಒಂದು ದಿನ ಪ್ರಭುದೇವನ ತಾಯಿ ಚನ್ನಮಲ್ಲಮ್ಮ ನನ್ನ ಬಾಗಿಲಿಗೆ ಬಂದರು. ಬೇಲ್ ಮೇಲೆ ಹೊರಗಿದ್ದ ಮಗನನ್ನು ಹಿಂದೆ ನಿಲ್ಲಿಸಿಕೊಂಡು. ನಿಂತಲ್ಲೇ ಹೇಳಿದರು.

"ಗೋಡೆ ಇವ್ನೇ ಕೆಡವಿದ್ದು, ಇವ್ನೇ ಕಟ್ಟಿಕೊಡ್ತಾನೆ. ಜಾಗದ ಕೇಸ್ ಮುಗಿಯೋಗಂಟ ಮಗು ಅಲ್ಲೇ ಇರ್ಲಿ."

ವಕೀಲರನ್ನು ಕೇಳಿದೆ. ಆ ಕೇಸ್ ಮುಗಿಯುವುದು ಯಾವಾಗ ಅಂತ. ಅವರು ನಕ್ಕರು. ಅವಳ ಡಿಗ್ರಿ ಮುಗಿಯುತ್ತದೆ, ಬೇಕಾದರೆ ಎಂಎನೂ ಮಾಡಿಕೊಳ್ಳಲಿ ಅಂದರು.

ಪ್ರಭುದೇವ್ ತಾನೇ ನಿಂತು ಗಾರೆ ಕಲಸಿ ಗೋಡೆ ಕಟ್ಟಿಸಿದ. ಚಪ್ಪಡಿಯ ಬದಲು ಶೀಟ್ ಹಾಕಿಸಿದ. ಸ್ಪಂದನಾ ಈಗ ಅಲ್ಲೇ ಇದ್ದಾಳೆ. ಮೊದಲ ಪೀರಿಯಡ್ ತಪ್ಪಿಸುವುದಿಲ್ಲ. ರಾತ್ರಿ ಮಲಗುವಾಗ ಮಾತ್ರ ಬಾಗಿಲು ಹಾಕಲು ಅವಳಿಗೆ ಆಗುವುದಿಲ್ಲ. ಅದಕ್ಕೆ ನಾನು ಹೋಗಿ ಹೊಸಲಿನ ಹತ್ತಿರ ಚಾಪೆ ಹಾಸಿಕೊಂಡು ಮಲಗುತ್ತೇನೆ.

ಇನ್ನು ವೃಷಭೇಂದ್ರಪ್ಪ. ಬೇಲ್ ಸಿಗಲಿಲ್ಲ. ಮಧುಗಿರಿಯ ಸಬ್‌ಜೈಲಿನಲ್ಲಿದ್ದಾನೆ. ಊಟ, ನೀರು, ಕರೆಂಟು ಎಲ್ಲ ಸೇರಿ ಬಾಡಿಗೆ ಸೊನ್ನೆ. ಆ ರೂಮು ಹಿಡಿದುಕೊಟ್ಟಿದ್ದಕ್ಕೆ ನಾನು ಕಮಿಷನ್ ತೆಗೆದುಕೊಂಡಿಲ್ಲ.